ಲೋಪವೂ ದೋಷವೂ: ಪಾಠಶೋಧನೆಯಲ್ಲಿ ಒಂದು ವಿಚಾರ

ಹಳಗನ್ನಡ ಕಾವ್ಯಗಳ ಪಾಠವನ್ನು ನಿರ್ಣಯಿಸುವಾಗ, ಛಂದಸ್ಸೂ ಪ್ರಾಸವೂ ಕೂಡಿಬಂದರೆ ಪಾಠವು ಶುದ್ಧವೆಂದು ಭಾವಿಸುವುದುಂಟು. ಈ ಭಾವನೆ ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸಲು, ಸಾಹಿತ್ಯಕ್ಕೆ ದೂರವೆಂದು ತೋರುವ ಇನ್ನೊಂದು ಶಾಸ್ತ್ರವು ನೆರವಾಗುತ್ತದೆ. ಯಂತ್ರದಿಂದ ಯಂತ್ರಕ್ಕೆ ಹೋಗುವ ಸಂದೇಶಗಳ ದೋಷಶೋಧನಶಾಸ್ತ್ರವೇ ಅದು. 1948ರಲ್ಲಿ ಕ್ಲಾಡ್ ಶಾನನ್ ಅವರು ಅದಕ್ಕೆ ತಳಹದಿ ಹಾಕಿದರು. 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ಅವರು ದೋಷವನ್ನು ಕಂಡು ತಿದ್ದುವ ಸಂಕೇತಗಳನ್ನು ಪ್ರಕಟಿಸಿದರು.

ಇದರ ಮೂಲತತ್ತ್ವ ಸರಳವಾದುದು. ಅರ್ಥಕ್ಕೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚಾಗಿ, ನಿಯಮಬದ್ಧವಾಗಿ ಹೇಳಿದರೆ, ದಾರಿಯಲ್ಲಿ ಕೆಟ್ಟುದನ್ನು ನಿಯಮಭಂಗದಿಂದಲೇ ತಿಳಿಯಬಹುದು. ಹ್ಯಾಮಿಂಗರ ಪ್ರಸಿದ್ಧವಾದ ಒಂದು ಸಂಕೇತದಲ್ಲಿ ಅರ್ಥವಾಹಕವಾದ 4 ಬಿಟ್‌ಗಳಿಗೆ 3 ಪರೀಕ್ಷಾ ಬಿಟ್‌ಗಳು ಸೇರುತ್ತವೆ. ನಮ್ಮ ಕಂದಪದ್ಯದ ಕಟ್ಟೂ ಇದನ್ನು ಹೋಲುತ್ತದೆ. 12, 20, 12, 20 ಮಾತ್ರೆಗಳ ನಾಲ್ಕು ಪಾದಗಳು, ಪ್ರತಿಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ: ಇವು ಅರ್ಥಕ್ಕೆ ಬೇಕಾದವಲ್ಲ. ಆದರೆ ಓಲೆಯ ಲಿಪಿಕಾರನು ಅಕ್ಷರವೊಂದನ್ನು ಬಿಟ್ಟರೆ ಮಾತ್ರೆ ಕುಂದುತ್ತದೆ. ಪ್ರಾಸಸ್ಥಾನದಲ್ಲಿ ತಪ್ಪಿದರೆ ಉಳಿದ ಮೂರು ಪಾದಗಳು ಸಾಕ್ಷಿ ಹೇಳುತ್ತವೆ.

ಇಲ್ಲಿ ಲೋಪ ಬೇರೆ, ದೋಷ ಬೇರೆ ಎಂಬುದನ್ನು ವಾಚಕರು ಗಮನಿಸಬೇಕು. ಅಂತರಜಾಲದಲ್ಲಿ ಸಂದೇಶವು ಪ್ಯಾಕೆಟ್‌ಗಳೆಂಬ ತುಂಡುಗಳಾಗಿ ಸಾಗುತ್ತದೆ. ಟಿಸಿಪಿ ನಿಯಮದಂತೆ ಕ್ರಮಸಂಖ್ಯೆಗಳಿರುವುದರಿಂದ, ನಡುವೆ ಒಂದು ತುಂಡು ಕಳೆದುಹೋದರೆ ಎಲ್ಲಿ ಎಷ್ಟು ಹೋಯಿತೆಂಬುದು ತಿಳಿಯುತ್ತದೆ. ಕಳುಹಿಸಿದ ಯಂತ್ರವು ಅದನ್ನು ಮತ್ತೆ ಕಳುಹಿಸುತ್ತದೆ. ಹುಳು ತಿಂದ ಓಲೆಯಲ್ಲಿಯೂ ಹೋದುದರ ಸ್ಥಳವು ಕಣ್ಣಿಗೆ ಕಾಣುತ್ತದೆ. ಆದರೆ ಮತ್ತೆ ಹೇಳೆಂದು ಕೇಳುವುದಕ್ಕೆ ಕವಿಯಿಲ್ಲ, ಬೇರೆ ಪ್ರತಿಗಳೇ ಗತಿ. ಒಂದು ಪದದ ಬದಲಿಗೆ ಇನ್ನೊಂದು ಬಂದ ದೋಷವಾದರೋ ಎಲ್ಲಿದೆಯೆಂಬುದೇ ಗೊತ್ತಾಗದೆ ಹೋಗಬಹುದು. 1960ರಲ್ಲಿ ರೀಡ್ ಮತ್ತು ಸಾಲೊಮನ್ ಅವರು ಪ್ರಕಟಿಸಿದ ಸಂಕೇತದಲ್ಲಿ ಈ ಭೇದಕ್ಕೆ ಲೆಕ್ಕವೇ ಇದೆ: ಎರಡು ಪರೀಕ್ಷಾಕ್ಷರಗಳಿಂದ ಸ್ಥಾನ ತಿಳಿದ ಎರಡು ಲೋಪಗಳನ್ನು ತುಂಬಬಹುದು, ಸ್ಥಾನ ತಿಳಿಯದ ದೋಷವನ್ನಾದರೆ ಒಂದನ್ನು ಮಾತ್ರ ತಿದ್ದಬಹುದು.

ನಿಯಮಕ್ಕೆ ಸಿಕ್ಕದ ದೋಷಗಳೂ ಉಂಟು. ಟಿಸಿಪಿಯ 16 ಬಿಟ್‌ಗಳ ಪರೀಕ್ಷಾಮೊತ್ತವು ಸಂಕಲನದಿಂದ ಬಂದುದಾದುದರಿಂದ, 16 ಬಿಟ್‌ಗಳ ಎರಡು ಘಟಕಗಳು ಪರಸ್ಪರ ಸ್ಥಾನ ಬದಲಿಸಿದರೆ ಮೊತ್ತ ಬದಲಾಗದು. ಕಂದದಲ್ಲಿ ಲಿಪಿಕಾರನು ನಾಲ್ಕು ಪಾದಗಳಲ್ಲಿಯೂ ೞಕಾರವನ್ನು ತನ್ನ ಕಾಲದ ರೂಢಿಯಂತೆ ಳಕಾರವಾಗಿ ಬರೆದರೆ, ಮಾತ್ರೆಯೂ ಕೆಡದು, ಪ್ರಾಸವೂ ಕೆಡದು. ಆದರೆ ಬಾೞ್ ಎಂದರೆ ಜೀವಿಸು; ಬಾಳ್ ಎಂದರೆ ಕತ್ತಿ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ ಕುಳಗಳನ್ನು ಬೇರ್ಪಡಿಸಿರುವುದು ಇಂತಹ ಕಡೆ ನಮಗೆ ಆಸರೆ, ಛಂದಸ್ಸಲ್ಲ.

ಇನ್ನೂ ಗಂಭೀರವಾದುದು ತಿದ್ದುಪಡಿಯಿಂದಲೇ ಹುಟ್ಟುವ ದೋಷ. ಮೇಲೆ ಹೇಳಿದ ಹ್ಯಾಮಿಂಗ್ ಸಂಕೇತದಲ್ಲಿ ಒಂದು ಬಿಟ್ ಕೆಟ್ಟರೆ ಅದು ಸರಿಯಾಗಿಯೇ ತಿದ್ದಲ್ಪಡುತ್ತದೆ. ಎರಡು ಕೆಟ್ಟರೆ, ಕೆಡದಿದ್ದ ಮೂರನೆಯದೊಂದನ್ನು ತಿದ್ದಿ, ನಿಯಮಕ್ಕೆ ಸಂಪೂರ್ಣವಾಗಿ ಒಪ್ಪುವ ಸುಳ್ಳು ಸಂದೇಶವು ಹೊರಡುತ್ತದೆ. ಸಂಪಾದಕನು ಓಲೆಯ ರಂಧ್ರವನ್ನು ಮಾತ್ರೆಗೆ ಹೊಂದುವ ಪದದಿಂದ, ಯಾವ ಗುರುತನ್ನೂ ಇಡದೆ ತುಂಬಿದಾಗ ಆಗುವುದೂ ಇದೇ. ಸ್ಥಾನ ತಿಳಿದಿದ್ದ ಲೋಪವು ಆಗ ಸ್ಥಾನ ತಿಳಿಯದ ದೋಷವಾಗಿಬಿಡುತ್ತದೆ. ಹುಳು ಕೊಟ್ಟಿದ್ದ ಸಾಕ್ಷ್ಯವನ್ನು ಪಂಡಿತನು ಅಳಿಸಿದಂತಾಯಿತು.

ಆದುದರಿಂದ ಛಂದಸ್ಸು ದೋಷವನ್ನು ತೋರಿಸಬಲ್ಲುದು, ಊಹೆಗೆ ಎಲ್ಲೆ ಹಾಕಬಲ್ಲುದು. ಪಾಠವು ಶುದ್ಧವೆಂದು ಪ್ರಮಾಣಪತ್ರ ಕೊಡಲಾರದು. ತುಂಬಿದ ಅಕ್ಷರಗಳನ್ನು ಕಂಸದಲ್ಲಿಟ್ಟು, ಓಲೆಗಳ ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕೊಡುವುದು ಅಲಂಕಾರವಲ್ಲ. ಮುಂದೆ ಬರುವ ಶೋಧಕನಿಗೆ ನಾವು ಸಲ್ಲಿಸಬೇಕಾದ ಋಣ. ತರಗತಿಯಲ್ಲಿ ಪದ್ಯವನ್ನು ಬೋಧಿಸುವವರೂ ಆ ಕಂಸಗಳನ್ನು ಬಿಡದೆ ತೋರಿಸಬೇಕೆಂದು ನಮ್ಮ ಅಭಿಪ್ರಾಯ.