ದುಡಿ ಕೊಟ್ಟ್ ಪಾಟ್: ಹೊಸ ಕೇಳುಗರಿಗೊಂದು ಕೈಪಿಡಿ

ಕೊಡಗಿನ ವಿರಾಜಪೇಟೆ ತಾಲ್ಲೂಕಿನ ಬಿಟ್ಟಂಗಾಲದಲ್ಲೋ ಅದರ ಆಸುಪಾಸಿನ ಊರಿನಲ್ಲೋ ಮದುವೆಗೆ, ಇಲ್ಲವೇ ಸುಗ್ಗಿಯ ಹಬ್ಬವಾದ ಪುತ್ತರಿಗೆ ಹೋದ ಕನ್ನಡದ ನೆಂಟರ ಕಿವಿಗೆ ಮೊದಲು ಬೀಳುವುದು ದುಡಿಯ ಸದ್ದು. ನಾಲ್ವರು ಗಂಡಸರು ಕೈಯಲ್ಲಿ ದುಡಿ ಹಿಡಿದು ಹಾಡುತ್ತಿರುತ್ತಾರೆ. ಹತ್ತು ನಿಮಿಷ ಕಳೆದರೂ ಧಾಟಿ ಬದಲಾಗುವುದಿಲ್ಲ. ಹೇಳಿದ್ದನ್ನೇ ಹೇಳುತ್ತಿದ್ದಾರಲ್ಲ ಎನಿಸಿ ಹೊಸಬರು ಮೆಲ್ಲಗೆ ಊಟದ ಕಡೆ ಎದ್ದು ಹೋಗುತ್ತಾರೆ. ಹಾಗೆ ಏಳುವವರನ್ನು ಇನ್ನರ್ಧ ಗಂಟೆ ಕೂರಿಸುವುದೇ ಈ ಬರಹದ ಉದ್ದೇಶ.

ದುಡಿ ಎಂದರೆ ನಡು ಸಣ್ಣಗಿರುವ ಪುಟ್ಟ ಚರ್ಮವಾದ್ಯ. ಒಂದು ಕೈಯಲ್ಲಿ ನಡುವನ್ನು ಹಿಡಿದು ಇನ್ನೊಂದು ಕೈಯ ಸಣ್ಣ ಕೋಲಿನಿಂದ ಬಡಿಯುತ್ತಾರೆ. ನಾಲ್ವರಲ್ಲಿ ಇಬ್ಬರು ಸಾಲನ್ನು ಎತ್ತಿಕೊಟ್ಟರೆ ಉಳಿದಿಬ್ಬರು ಅದನ್ನು ಹಿಡಿಯುತ್ತಾರೆ. ಆ ಎರಡನೆಯ ಜೋಡಿ ಹಾಡುವಾಗ ಮೊದಲ ಜೋಡಿಗೆ ಉಸಿರು ತಿರುಗುತ್ತದೆ, ಮುಂದಿನ ಸಾಲು ನೆನಪಿಗೆ ಬರುತ್ತದೆ. ಕೇಳುವವರಿಗೂ ಅದೇ ಬಿಡುವು ಸಿಗುತ್ತದೆ. ಮೊದಲ ಸಲ ಕಿವಿಗೆ ಬಿದ್ದದ್ದು ಎರಡನೆಯ ಸಲ ಮನಸ್ಸಿಗೆ ಇಳಿಯುತ್ತದೆ. ಪಾಟ್ ಎಂದರೆ ಹಾಡು; ‘ಬಾಳೋ’ ಎಂಬ ಪಲ್ಲವಿಯಿಂದ ಈ ಹಾಡುಗಳಿಗೆ ಬಾಳೋ ಪಾಟ್ ಎಂಬ ಹೆಸರೂ ಇದೆ. ಮದುವೆಗೆ ಮಂಗಲ ಪಾಟ್, ದಾರಿ ನಡೆಯುವಾಗ ಬಟ್ಟೆ ಪಾಟ್, ಸಾವಿಗೂ ಅದರದೇ ಪಾಟ್.

ಹಾಡಿನ ಭಾಷೆಯಾದ ಕೊಡವ ತಿಳಿಯದು ಎಂದು ಹೆದರಬೇಕಿಲ್ಲ. ಬಟ್ಟೆ ಎಂದರೆ ದಾರಿ ಎಂಬುದು ಹಳಗನ್ನಡ ಓದಿದವರಿಗೆ ಗೊತ್ತೇ ಇದೆ. ಕೊಡವದ ಪಕಾರವನ್ನು ಹಕಾರ ಮಾಡಿಕೊಂಡರೆ ಎಷ್ಟೋ ಪದ ತಾನಾಗಿ ತೆರೆದುಕೊಳ್ಳುತ್ತದೆ: ಪಾಲ್ ಹಾಲಾಗುತ್ತದೆ, ಪೊನ್ನ್ ಹೊನ್ನಾಗುತ್ತದೆ, ಪುತ್ತರಿ ಹುತ್ತರಿಯಾಗುತ್ತದೆ.

ಇನ್ನು ಮುಖ್ಯ ಮಾತು. ಈ ಹಾಡುಗಳಲ್ಲಿ ಬರುವವರು ವೀರರು, ದೇವತೆಗಳು, ಹೆಸರಾದ ಮನೆತನದವರು. ಅವರ ಹಿರಿಮೆಯನ್ನು ಹೇಳಲು ‘ಅಮೋಘ’, ‘ಭವ್ಯ’ದಂಥ ವಿಶೇಷಣಗಳ ಸುರಿಮಳೆ ಇರುತ್ತದೆಂದು ಕಾದರೆ ನಿರಾಸೆಯಾದೀತು. ದೊಡ್ಡದಕ್ಕೆ ‘ಬಲ್ಯ’, ಚೆಂದಕ್ಕೆ ‘ಚಾಯಿ’ ಎಂಬ ದಿನಬಳಕೆಯ ಮಾತುಗಳು ಕೊಡವದಲ್ಲಿ ಇದ್ದೇ ಇವೆ. ಆದರೆ ಪಾಟ್ ಅಷ್ಟಕ್ಕೇ ನೆಚ್ಚಿ ಕೂರುವುದಿಲ್ಲ, ಎಣಿಸುತ್ತಾ ಹೋಗುತ್ತದೆ. ಲೋಕದಿಂದ ತೊಡಗಿ ಕೊಡಗಿಗೆ, ಕೊಡಗಿನಿಂದ ಒಂದು ನಾಡಿಗೆ, ನಾಡಿನಿಂದ ಊರಿಗೆ, ಊರಿನಿಂದ ಒಕ್ಕ ಎಂಬ ಮನೆತನಕ್ಕೆ, ಒಕ್ಕದ ಮೂಲಮನೆಯಾದ ಐನ್‌ಮನೆಗೆ ಹಂತ ಹಂತವಾಗಿ ಬಂದು, ಕೊನೆಗೆ ಆ ಮನೆಯ ಒಬ್ಬನೇ ಒಬ್ಬನ ಮುಂದೆ ನಿಲ್ಲುತ್ತದೆ. ಕೊಡಗಿನಲ್ಲಿ ಹಿಂದೆ 12 ಕೊಂಬು, 35 ನಾಡು ಎಂಬ ಪ್ರಾದೇಶಿಕ ವಿಭಾಗಗಳಿದ್ದವು. ಅಷ್ಟರೊಳಗಿಂದ ಈತನನ್ನು ಆರಿಸಿ ತೋರಿಸಿದ ಮೇಲೆ ಅವನನ್ನು ಬೇರೆಯಾಗಿ ಹೊಗಳುವ ಅಗತ್ಯವೇ ಉಳಿಯುವುದಿಲ್ಲ.

ಉಡುಗೆಯ ವಿಷಯದಲ್ಲೂ ಹೀಗೆಯೇ. ಗಂಡು ಸೊಗಸಾಗಿ ಕಂಡ ಎಂದು ಹೇಳಿ ಮುಗಿಸುವುದಿಲ್ಲ. ಕುಪ್ಯ ಎಂಬ ನಿಲುವಂಗಿ ತೊಡಿಸಿ, ಅದರ ಮೇಲೆ ಚೇಲೆ ಎಂಬ ನಡುಪಟ್ಟಿ ಸುತ್ತಿ, ಪೀಚೆಕತ್ತಿ ಎಂಬ ಕಿರುಗತ್ತಿ ಸಿಕ್ಕಿಸಿ, ತಲೆಗೆ ಪೇಟ ಇಟ್ಟು, ನಮ್ಮ ಕಣ್ಣೆದುರೇ ಅವನನ್ನು ಸಿಂಗರಿಸುತ್ತಾರೆ. ಪ್ರತಿ ತೊಡುಗೆಗೂ ಸಾಲು, ಪ್ರತಿ ಸಾಲಿಗೂ ಎರಡನೆಯ ಜೋಡಿಯ ಮರುದನಿ. ಧಾಟಿ ಬದಲಾಗದಿರುವುದು ಇದಕ್ಕಾಗಿಯೇ. ರಾಗ ಏರಿಳಿದು ಗಮನ ಸೆಳೆದರೆ ಎಣಿಕೆ ತಪ್ಪುತ್ತದೆ.

ಇಂಥದ್ದನ್ನು ಇಂಗ್ಲಿಷಿಗೆ ತರುವುದು ಹೇಗೆ? ಬಾಸೆಲ್ ಮಿಶನ್ನಿನ ಗ್ರೇಟರ್ ಪಾದ್ರಿ 1870ರಲ್ಲೇ ಕೊಡವ ಹಾಡುಗಳ ಪುಸ್ತಕವೊಂದನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಮರುವರ್ಷ ಚಾರ್ಲ್ಸ್ ಗೋವರ್ ತಮ್ಮ ದಕ್ಷಿಣ ಭಾರತದ ಜನಪದ ಗೀತೆಗಳ ಇಂಗ್ಲಿಷ್ ಸಂಕಲನದಲ್ಲಿ ಕೊಡಗಿನ ಹಾಡುಗಳಿಗೂ ಜಾಗ ಕೊಟ್ಟರು. ನಡಿಕೇರಿಯಂಡ ಚಿಣ್ಣಪ್ಪನವರು ಹಾಡು, ಗಾದೆ, ಆಚಾರಗಳನ್ನು ಕೂಡಿಸಿ ‘ಪಟ್ಟೋಲೆ ಪಳಮೆ’ಯನ್ನು ಹೊರತಂದದ್ದು 1924ರಲ್ಲಿ. ಅದರ ಬಹುಪಾಲು ಹಾಡುಗಳೇ. ಅದನ್ನು ಇಡಿಯಾಗಿ ಇಂಗ್ಲಿಷಿಗೆ ತಂದವರು ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ. ಆ ಅನುವಾದ 2003ರಲ್ಲಿ ಪ್ರಕಟವಾಯಿತು.

ಅನುವಾದಕರಿಗೆ ಇಲ್ಲಿ ಎದುರಾಗುವ ಆಸೆ ಒಂದೇ: ಹತ್ತು ಸಾಲಿನ ಸಿಂಗಾರವನ್ನು ‘ಸ್ಪ್ಲೆಂಡಿಡ್’ ಎಂಬ ಒಂದು ಪದದಲ್ಲಿ ಮುಗಿಸಿಬಿಡುವುದು. ಸ್ಪೇನಿನ ಹಳೆಯ ವೀರಕಾವ್ಯದ ನಾಯಕ ಸಿದ್‌ನನ್ನು ಅನುವಾದಿಸುವವರಿಗೂ ಈ ಇಕ್ಕಟ್ಟಿದೆ. ಅಲ್ಲಿ ಅವನು ಶುಭಗಳಿಗೆಯಲ್ಲಿ ಹುಟ್ಟಿದವನೆಂಬ ಬಿರುದು ಮತ್ತೆ ಮತ್ತೆ ಬರುತ್ತದೆ. ಅದನ್ನು ಬಿಟ್ಟರೆ ಓದು ಸಲೀಸಾಗುತ್ತದೆ, ಕಾವ್ಯ ಸೊರಗುತ್ತದೆ. ನನ್ನ ಮಟ್ಟಿಗೆ ಇಂಥ ಹಾಡಿನ ಅನುವಾದ ಉದ್ದವಾಗಿಯೇ ಇರಬೇಕು, ಮರುಕಳಿಕೆಯ ಸಮೇತ ಇರಬೇಕು. ಐನ್‌ಮನೆ, ಒಕ್ಕ, ಚೇಲೆಗಳು ಹಾಗೆಯೇ ಉಳಿಯಬೇಕು. ಓದುಗ ಎರಡು ಸಲ ಅರ್ಥ ಹುಡುಕಿದರೆ ಅಡ್ಡಿಯಿಲ್ಲ.

ಕೇಳಲು ಕೂತಾಗ ಹಾಡು ಈಗ ಎಲ್ಲಿಗೆ ಬಂದಿದೆ ಎಂಬುದನ್ನಷ್ಟೇ ಹಿಂಬಾಲಿಸಿ: ನಾಡಿಗೋ, ಊರಿಗೋ, ಮನೆಗೋ? ಪಕ್ಕದಲ್ಲಿ ಕೂತ ಹಿರಿಯರನ್ನು ಕೇಳಿದರೆ ಹೇಳಿಯಾರು. ಆತಿಥೇಯರ ಒಕ್ಕದ ಹೆಸರು ಬಂದಾಗ ಸಭೆಯ ಮುಖಗಳನ್ನು ನೋಡಿ. ಪುತ್ತರಿಯ ನಂತರ ಮನೆಮನೆಗೆ ಹೋಗಿ ಆಯಾ ಮನೆಯನ್ನು ಹಾಡುವ ಪದ್ಧತಿಯೂ ಉಂಟು. ಕಲಿಯಲು ಅದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ.

2011ರ ಜನಗಣತಿಯಲ್ಲಿ ಕೊಡವ ತಮ್ಮ ತಾಯ್ನುಡಿ ಎಂದವರು 1,13,857 ಮಂದಿ. ಒಂದು ಪಾಟ್ ನಡೆಯಬೇಕಾದರೆ ಸಾಲುಗಳನ್ನು ಬಾಯಿಪಾಠ ಬಲ್ಲ ನಾಲ್ವರು ಒಂದೆಡೆ ಸೇರಬೇಕು, ಅದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಹಾಡು ಮುಗಿದ ಮೇಲೆ ಹಾಡಿದವರ ಬಳಿ ಹೋಗಿ, ಅದು ಯಾರ ಪಾಟ್ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ‘ಪಟ್ಟೋಲೆ ಪಳಮೆ’ಯಲ್ಲಿ ಹುಡುಕಿ ಓದಿ. ಅದು ಅಚ್ಚಾಗಿರುವುದು ಕನ್ನಡ ಲಿಪಿಯಲ್ಲೇ.