ಅಪ್ಪಣೆಯೋ, ಅಭ್ಯಾಸವೋ?

ಕತೆ ಬರೆಯಲು ಕಲಿಯಬೇಕು, ಯಾವ ಪುಸ್ತಕ ಓದಲಿ ಎಂದು ಕೇಳಿದವರಿಗೆ ಸಾಮಾನ್ಯವಾಗಿ ಮೊದಲು ಸಿಗುವ ಹೆಸರು ಸ್ಟೀಫನ್ ಕಿಂಗ್ ಅವರ ‘ಆನ್ ರೈಟಿಂಗ್’ (2000). ಸೊಗಸಾಗಿ ಓದಿಸಿಕೊಳ್ಳುತ್ತದೆ, ಅನುಮಾನವಿಲ್ಲ. ಕಸದ ಬುಟ್ಟಿ ಸೇರಿದ್ದ ‘ಕ್ಯಾರಿ’ಯ ಹಾಳೆಗಳನ್ನು ಹೆಂಡತಿ ಟ್ಯಾಬಿತಾ ಹೆಕ್ಕಿ ತೆಗೆದದ್ದು, 1999ರಲ್ಲಿ ರಸ್ತೆಬದಿ ನಡೆಯುವಾಗ ವ್ಯಾನ್ ಗುದ್ದಿದ ಮೇಲೆ ಮತ್ತೆ ಬರೆಯಲು ಕೂತದ್ದು, ಇವೆಲ್ಲ ಒಳ್ಳೆಯ ಆತ್ಮಕಥೆ. ತೊಡಕಿರುವುದು ಉಪದೇಶದಲ್ಲಿ. ಎರಡನೆಯ ಕರಡಿನಲ್ಲಿ ಶೇ 10ರಷ್ಟು ಕಡಿಮೆ ಮಾಡಿ ಎನ್ನುತ್ತಾರೆ. ಧಾರಾಳವಾಗಿ ಬರೆಯುವ ಕಿಂಗ್‌ಗೆ ಅದು ಸರಿಯಾದ ಔಷಧ. ಮೊದಲೇ ಬಿಗಿಹಿಡಿದು ಬರೆಯುವವನು ಇನ್ನೇನು ಕತ್ತರಿಸಬೇಕು? ಕ್ರಿಯಾವಿಶೇಷಣಗಳ ಮೇಲಂತೂ ಅವರಿಗೆ ಹಗೆಯೇ ಇದೆ. ಆ ಹಗೆಯನ್ನು ಕನ್ನಡಕ್ಕೆ ತಂದರೆ ಬಿರಬಿರನೆ, ಗಪ್ಪನೆ, ಮೆಲ್ಲಗೆ ಎಲ್ಲವೂ ಹೋಗಬೇಕಾಗುತ್ತದೆ. ನಮ್ಮ ಕತೆಗಾರರ ಕಿವಿ ಇರುವುದೇ ಅಲ್ಲಿ.

ಉರ್ಸುಲಾ ಲೆ ಗ್ವಿನ್ ಅವರ ‘ಸ್ಟಿಯರಿಂಗ್ ದ ಕ್ರಾಫ್ಟ್’ (1998, ಪರಿಷ್ಕೃತ ಆವೃತ್ತಿ 2015) ಇದೇ ವಿಷಯವನ್ನು ಬೇರೆ ಥರ ಹಿಡಿಯುತ್ತದೆ. ವಿಶೇಷಣ, ಕ್ರಿಯಾವಿಶೇಷಣ ಒಂದೂ ಇಲ್ಲದೆ ಒಂದು ಪುಟ ವರ್ಣನೆ ಬರೆಯಿರಿ ಎಂಬ ಅಭ್ಯಾಸ ಅದರಲ್ಲಿದೆ. ಅದು ಆ ಒಂದು ಪುಟಕ್ಕೆ ಮಾತ್ರ. ಉಪವಾಸ ಮುಗಿದ ಮೇಲೆ ಊಟಕ್ಕೆ ಅಡ್ಡಿಯಿಲ್ಲ, ಆದರೆ ಯಾವುದು ರುಚಿ, ಯಾವುದು ಬರೀ ಚಟ ಎಂದು ಆಗ ಗೊತ್ತಾಗಿರುತ್ತದೆ. ಕಿಂಗ್ ಅಪ್ಪಣೆ ಕೊಡುತ್ತಾರೆ, ಲೆ ಗ್ವಿನ್ ಕೆಲಸ ಕೊಡುತ್ತಾರೆ. ನನ್ನ ಓಟು ಕೆಲಸಕ್ಕೆ.

ದೃಷ್ಟಿಕೋನದ ಅಧ್ಯಾಯ ಇಡೀ ಪುಸ್ತಕದ ಜೀವ. ಸೆಫ್ರಿಡ್ ಎಂಬ ರಾಜಕುಮಾರಿಯ ಒಂದೇ ಪುಟ್ಟ ಸನ್ನಿವೇಶವನ್ನು ಲೆ ಗ್ವಿನ್ ತಾವೇ ಮತ್ತೆ ಮತ್ತೆ ಬರೆಯುತ್ತಾರೆ: ಒಮ್ಮೆ ಅವಳ ಬಾಯಲ್ಲಿ, ಒಮ್ಮೆ ಎಲ್ಲ ಬಲ್ಲ ನಿರೂಪಕರಾಗಿ, ಒಮ್ಮೆ ಯಾರ ಮನಸ್ಸಿನೊಳಗೂ ಇಣುಕದೆ. ಹತ್ತು ಭಾಷಣದಲ್ಲಿ ತಲೆಗೆ ಹತ್ತದ್ದು ಇಲ್ಲಿ ನೋಡಿದೊಡನೆ ಹತ್ತುತ್ತದೆ.

ಎಲ್ಲ ಅಭ್ಯಾಸಗಳೂ ಹಾಗೆಹಾಗೇ ಕನ್ನಡಕ್ಕೆ ಬರುವುದಿಲ್ಲ. ವಿರಾಮಚಿಹ್ನೆಯಿಲ್ಲದೆ ಒಂದು ಪ್ಯಾರಾ ಬರೆಯಿರಿ ಎನ್ನುವುದು ಇಂಗ್ಲಿಷಿನಲ್ಲಿ ನಿಜವಾದ ಸವಾಲು. ನಮ್ಮಲ್ಲಿ ಕ್ರಿಯಾಪದ ಕೊನೆಯಲ್ಲಿ ಬಂದು ತಾನೇ ವಾಕ್ಯಕ್ಕೆ ಬಾಗಿಲು ಹಾಕುವುದರಿಂದ ಚಿಹ್ನೆ ತೆಗೆದರೂ ಓದುಗ ಅಷ್ಟಾಗಿ ದಾರಿ ತಪ್ಪುವುದಿಲ್ಲ. ಅದರ ಬದಲು ಹೋಗಿ, ನೋಡಿ, ಕೂತು, ಎದ್ದು ಎಂದು ಪೋಣಿಸುವ ನಮ್ಮ ಹಳೇ ಅಭ್ಯಾಸವನ್ನು ಒಂದು ಪುಟದ ಮಟ್ಟಿಗೆ ನಿಷೇಧಿಸಿ ನೋಡಬೇಕು. ಅರ್ಧ ಪುಟಕ್ಕೇ ಬೆವರು ಬರುತ್ತದೆ.

ಜಾರ್ಜ್ ಸಾಂಡರ್ಸ್ 2021ರಲ್ಲಿ ಚೆಕಾಫ್, ತುರ್ಗೆನೆವ್, ಟಾಲ್‌ಸ್ಟಾಯ್, ಗೊಗೊಲ್‌ರ ಏಳು ಕತೆಗಳನ್ನು ಇಡಿಯಾಗಿ ಕೊಟ್ಟು ಬಿಡಿಸಿ ತೋರಿಸಿದ ಪುಸ್ತಕವೂ ಒಳ್ಳೆಯದೇ. ಆದರೆ ಅದು ಮುಖ್ಯವಾಗಿ ಓದುವುದನ್ನು ಕಲಿಸುತ್ತದೆ, ಕೈಗೆ ಪೆನ್ನು ಕೊಡುವುದು ಕಡಿಮೆ.

ಲೆ ಗ್ವಿನ್ ಪುಸ್ತಕದ ಕೊನೆಯಲ್ಲಿ, ಬರೆಯುವವರು ಗುಂಪಾಗಿ ಕೂತು ಪರಸ್ಪರರ ಕತೆ ಚರ್ಚಿಸುವ ಕ್ರಮದ ಬಗ್ಗೆ ಒಂದು ಅನುಬಂಧವಿದೆ. ಎಲ್ಲರೂ ಸರದಿಯಂತೆ, ಚುಟುಕಾಗಿ ಮಾತಾಡಬೇಕು. ಕತೆ ಬರೆದವರು ಅಷ್ಟು ಹೊತ್ತೂ ಬಾಯಿ ತೆರೆಯಬಾರದು. ನಮ್ಮ ಕಥಾಕಮ್ಮಟಗಳನ್ನು ನಡೆಸುವವರು ಮೊದಲು ಓದಬೇಕಾದ್ದು ಈ ಕೆಲವು ಪುಟಗಳನ್ನೇ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ವೇದಿಕೆಯ ಹಿರಿಯರು ಮಾತಾಡುತ್ತಾರೆ, ಶಿಬಿರಾರ್ಥಿಗಳ ಕತೆಗಳಿಗೆ ಉಳಿಯುವುದು ಊಟದ ನಂತರದ ಅವಧಿ.