ಶಾಸನದ ‘ಪುತ್ತು’ ಹಾವಿನ ಬಿಲವೇ?

ಒಂದು ಊರಿನ ದಾನಶಾಸನ ಓದುವಾಗ ಎಲ್ಲೆ ಹೇಳುವ ಸಾಲಿನಲ್ಲಿ ‘ಪುತ್ತು’ ಅಂತ ಕಂಡಿತು. ಕಂಡದ್ದೇ ತಡ, “ಇಲ್ಲಿ ಹಾವಿನ ಬಿಲ ಇತ್ತು, ಅಂದರೆ ಆಗಲೇ ನಾಗಾರಾಧನೆ ಇತ್ತು” ಅಂತ ಊರಿನವರ ಮುಂದೆ ಹೇಳಿಬಿಟ್ಟೆ. ಅವರು ಅದನ್ನೇ ಬೋರ್ಡಿನ ಮೇಲೆ ಬರೆಸಿದರು. ಈಗ ಆ ದಾರಿಯಲ್ಲಿ ಹೋದಾಗಲೆಲ್ಲ ಮುಜುಗರ ಆಗುತ್ತೆ. ಶಾಸನ ಅಷ್ಟು ಹೇಳಿರಲೇ ಇಲ್ಲ. ನನ್ನಂಥ ಹವ್ಯಾಸಿಗಳು ಸುಲಭವಾಗಿ ಮಾಡುವ ತಪ್ಪು ಇದು. ಹಾಗಾಗಿ ಬಿಡಿಸಿ ನೋಡೋಣ.

ಮೊದಲು ಪದ. ಇಲಿ ಕೊರೆದದ್ದು ಬಿಲ, ಮರದ ಟೊಳ್ಳು ಪೊಟರೆ, ಗೆದ್ದಲು ಕಟ್ಟಿದ್ದು ಹುತ್ತ. ಮೊದಲಿನದು ನೆಲದೊಳಗಿನ ತೂತು, ಕೊನೆಯದು ನೆಲದ ಮೇಲೆ ಎದ್ದ ಮಣ್ಣು. ‘ಬಿಲ’ ಸಂಸ್ಕೃತದಲ್ಲಿ ಋಗ್ವೇದದಷ್ಟು ಹಳೆಯದು. ಅಲ್ಲಿ ಇಂದ್ರ ತೆರೆಯುವುದು ವಲನ ಬಿಲವನ್ನು, ಪ್ರಾಣಿಯ ಬಿಲವನ್ನಲ್ಲ. ಯಜ್ಞದ ಪಾತ್ರೆಯ ಬಾಯಿಗೂ ‘ಬಿಲ’ ಅನ್ನುತ್ತಿದ್ದರು. ಅಂದರೆ ಮೂಲ ಅರ್ಥ ಬರೀ ‘ತೆರಪು’.

‘ಪುತ್ತು’ ಬೇರೆಯೇ ಜಾತಿಯ ಪದ, ಅಚ್ಚ ದ್ರಾವಿಡ. ತಮಿಳಿನಲ್ಲಿ ಪುಱ್ಱು, ತೆಲುಗಿನಲ್ಲಿ ಪುಟ್ಟ, ತುಳುವಿನಲ್ಲಿ ಪುಂಚ. ತಮಿಳಿನ ‘ಱ್ಱ’ ಕನ್ನಡದಲ್ಲಿ ‘ತ್ತ’ ಆಗುವುದು ಮಾಮೂಲು: ನೆಱ್ಱಿ–ನೆತ್ತಿ, ಪಱ್ಱು–ಪತ್ತು. ಆಮೇಲೆ ಪಕಾರ ಹಕಾರವಾಗಿ ಪುತ್ತು ಹುತ್ತು ಆಯಿತು, ಹುತ್ತ ಆಯಿತು. ಈ ಎಲ್ಲ ಭಾಷೆಗಳಲ್ಲೂ ಪದದ ತಿರುಳು ಗೆದ್ದಲಿನ ಮಣ್ಣುಗುಡ್ಡೆ. ಸಂಸ್ಕೃತದ ‘ವಲ್ಮೀಕ’ವೂ ಅಷ್ಟೇ, ಗೆದ್ದಲು ಕಟ್ಟಿದ ಗುಡ್ಡೆ. ಹಾವು ಆಮೇಲೆ ಬಂದ ಬಾಡಿಗೆದಾರ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಯಿತು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ನಾವು ಬಾಡಿಗೆದಾರನ ಹೆಸರಲ್ಲೇ ಮನೆಯ ಖಾತೆ ಮಾಡಿಕೊಟ್ಟಿದ್ದೇವೆ!

ಸರಿ, ಎಲ್ಲೆಯ ಸಾಲಿನಲ್ಲಿ ಹುತ್ತಕ್ಕೇನು ಕೆಲಸ? ಉಳುಮೆ ಮಾಡದ ಅಂಚಿನಲ್ಲಿ ಅದು ವರ್ಷಗಟ್ಟಲೆ ನಿಲ್ಲುತ್ತೆ, ದೂರದಿಂದ ಕಾಣುತ್ತೆ. ಯಾಜ್ಞವಲ್ಕ್ಯಸ್ಮೃತಿ ಸೀಮಾವಿವಾದದ ಭಾಗದಲ್ಲಿ ಗಡಿಯ ಗುರುತುಗಳನ್ನು ಪಟ್ಟಿ ಮಾಡುತ್ತದೆ: ದಿಬ್ಬ, ಇದ್ದಿಲು, ಹೊಟ್ಟು, ಮರ, ಸೇತು, ವಲ್ಮೀಕ, ತಗ್ಗು, ಮೂಳೆ, ಚೈತ್ಯ. ಗಮನಿಸಿ, ಪೂಜೆಗೆ ಸಂಬಂಧಪಟ್ಟ ಚೈತ್ಯಕ್ಕೆ ಅಲ್ಲಿ ಬೇರೆಯೇ ಪದವಿದೆ. ವಲ್ಮೀಕ ಇರುವುದು ತಗ್ಗು, ಮೂಳೆಗಳ ಸಾಲಿನಲ್ಲಿ. ಈ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮ ಕಲ್ಯಾಣದಲ್ಲೇ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಗಡಿಗೆ ಹುತ್ತ ತೋರಿಸುವುದು ಆ ಕಾಲದ ಕಾನೂನು ಬಲ್ಲವರಿಗೆ ಹೊಸದೇನಲ್ಲ.

ತಮಿಳುನಾಡಿನ ಚೋಳರ ತಾಮ್ರಪಟಗಳಲ್ಲೂ ಇದೇ ಕಥೆ. ದಾನಕೊಟ್ಟ ಭೂಮಿಯ ಜತೆ ಸೇರುವ ಮರ, ಬಾವಿ, ಹೊಂಡಗಳ ಪಟ್ಟಿಯಲ್ಲೇ ಪುಱ್ಱು ಕೂಡ ಬರುತ್ತೆ. ಕೊನೆಗೆ ಉಡ ಓಡಾಡುವ, ಆಮೆ ತೆವಳುವ ನೆಲವೆಲ್ಲ ಸೇರಿತು ಅಂತ ಮುಗಿಸುತ್ತಾರೆ. ಇದು ಇವತ್ತಿನ ಕ್ರಯಪತ್ರದ ಚಕ್ಕುಬಂದಿಯ ಭಾಷೆ, ಭಕ್ತಿಯ ಭಾಷೆಯಲ್ಲ.

ಹುತ್ತಕ್ಕೆ ಪೂಜೆಯೇ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ನಾಗರ ಪಂಚಮಿಗೆ ನಮ್ಮ ಮನೆಯವರೂ ಹುತ್ತಕ್ಕೆ ಹಾಲೆರೆಯುತ್ತಾರೆ. ಆದರೆ ಅದಕ್ಕೆ ಸಾಕ್ಷಿ ಬೇಕಾದರೆ ನಾಗರಕಲ್ಲು ಹುಡುಕಬೇಕು, ಪೂಜೆಗೆ ಬಿಟ್ಟ ದತ್ತಿ ಹುಡುಕಬೇಕು. ಮೂಡಲಲ್ಲಿ ಹುಣಸೆ, ತೆಂಕಲಲ್ಲಿ ಪುತ್ತು ಅಂತಿದ್ದರೆ ಆ ಹುತ್ತಕ್ಕೆ ಆ ಹುಣಸೆಮರಕ್ಕಿಂತ ಹೆಚ್ಚಿನ ಪಾವಿತ್ರ್ಯ ನಾವು ಕೊಡುವಂತಿಲ್ಲ. ಒಂದು ಪದ ಕಂಡರೆ ಸಾಲದು, ಅದರ ಅಕ್ಕಪಕ್ಕದವರು ಯಾರು ಅಂತಲೂ ನೋಡಬೇಕು.

ಮುಂದಿನ ಭಾನುವಾರ ಆ ಊರಿಗೆ ಹೋಗ್ತಾ ಇದ್ದೀನಿ. ಬೋರ್ಡು ಬದಲಿಸುವ ಖರ್ಚು ನನ್ನದೇ.